ಬಿಡ್ತು ಅನ್ನು

ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಹದಿಮೂರರ ಮಗ್ಗಿ ಬಾರದೆ ಮೇಷ್ಟರ ಕೈಲಿ ಏಟು ತಿಂದು ಬಂದ ಒಂದು ಸಂಜೆ, ಜಗಲಿಯ ಮೇಲೆ ಕೂತು “ನಾನು ಸತ್ತೇ ಹೋಗ್ತೀನಿ” ಎಂದು ಅತ್ತಿದ್ದೆ. ಅಮ್ಮ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಏಟು ಬಿದ್ದ ಅಂಗೈಯನ್ನು ಅವಳು ನೋಡಲೇ ಇಲ್ಲ. “ಬಿಡ್ತು ಅನ್ನು. ಮೊದ್ಲು ಬಿಡ್ತು ಅನ್ನು. ದೀಪ ಹಚ್ಚೋ ಹೊತ್ತು, ಅಶ್ವಿನಿ ದೇವತೆಗಳು ಅಸ್ತು ಅಂದ್ಬಿಡ್ತಾರೆ” ಎಂದಳು. ನಾನು ಬಿಕ್ಕುತ್ತಲೇ ಬಿಡ್ತು ಎನ್ನುವವರೆಗೆ ಅಲ್ಲಿಂದ ಕದಲಲಿಲ್ಲ.

ಈ ಪದಕ್ಕೆ ಸರಿಸಮನಾದದ್ದು ಬೇರೆ ಭಾಷೆಯಲ್ಲಿ ನನಗೆ ಸಿಕ್ಕಿಲ್ಲ. ಪುಣೆಗೆ ಬಂದು ಹದಿನೇಳು ವರ್ಷವಾಯಿತು. ಮರಾಠಿ ಗೆಳೆಯರನ್ನು ಕೇಳಿದರೆ “ಅಸಂ ಬೋಲೂ ನಯೇ” ಅನ್ನುತ್ತಾರೆ, ಹಾಗೆಲ್ಲ ಮಾತಾಡಬಾರದು ಎಂದು. ಅದು ಬುದ್ಧಿವಾದ. ನಮ್ಮ ಬಿಡ್ತು ಬುದ್ಧಿವಾದವಲ್ಲ. ಆಡಿದ ಮಾತನ್ನು ಆಡಿದವನ ಬಾಯಿಂದಲೇ ಒರೆಸಿಹಾಕುವ ಕೆಲಸ. ನಮ್ಮ ಕಂಪ್ಯೂಟರಿನವರ ಭಾಷೆಯಲ್ಲಿ ಹೇಳುವುದಾದರೆ ಅನ್‌ಡೂ ಬಟನ್.

ಮೂರು ವರ್ಷದ ಹಿಂದೆ ಆಫೀಸಿನ ಸಹೋದ್ಯೋಗಿಯೊಬ್ಬರು ‘ಡೆತ್ ಕೆಫೆ’ಗೆ ಬರ್ತೀರಾ ಎಂದು ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ಈ ಪದವೇ. ಹೆಸರು ಕೇಳಿ ಏನೋ ಹುಡುಗರ ಹುಚ್ಚಾಟ ಅಂದುಕೊಂಡೆ. ಹಾಗಿರಲಿಲ್ಲ. ಕೊತ್ರೂಡಿನ ಒಂದು ಮನೆಯ ಹಾಲಿನಲ್ಲಿ ಭಾನುವಾರ ಮಧ್ಯಾಹ್ನ ಹನ್ನೊಂದು ಜನ ಸೇರಿದ್ದರು. ಚಹಾ, ಕೇಕು. ಯಾರೂ ಉಪನ್ಯಾಸ ಕೊಡುವುದಿಲ್ಲ, ಯಾರೂ ಏನನ್ನೂ ಮಾರುವುದಿಲ್ಲ, ಯಾವ ತೀರ್ಮಾನಕ್ಕೂ ಬರಬೇಕಾಗಿಲ್ಲ. ಸಾವಿನ ಬಗ್ಗೆ ಮಾತಾಡಬೇಕು, ಇಲ್ಲವೇ ಕೇಳಿಸಿಕೊಳ್ಳಬೇಕು, ಅಷ್ಟೇ.

ಇದರ ಮೂಲ ಸ್ವಿಟ್ಜರ್ಲೆಂಡಿನಲ್ಲಿದೆ. ಬರ್ನಾರ್ಡ್ ಕ್ರೆಟಾಜ್ ಎಂಬ ಸಮಾಜಶಾಸ್ತ್ರಜ್ಞ 2004ರಲ್ಲಿ ‘ಕಫೇ ಮೊರ್ಟೆಲ್’ ಎಂಬ ಹೆಸರಿನಲ್ಲಿ ಇಂಥ ಕೂಟಗಳನ್ನು ಶುರು ಮಾಡಿದ. ಅದರ ಬಗ್ಗೆ ಪತ್ರಿಕೆಯಲ್ಲಿ ಓದಿದ ಜಾನ್ ಅಂಡರ್‌ವುಡ್ ಎಂಬಾತ 2011ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹ್ಯಾಕ್ನಿಯ ತನ್ನ ಮನೆಯಲ್ಲಿ ಮೊದಲ ಡೆತ್ ಕೆಫೆ ನಡೆಸಿದ. ಮಾತುಕತೆ ನಡೆಸಿಕೊಟ್ಟವರು ಮನೋಚಿಕಿತ್ಸಕಿಯಾಗಿದ್ದ ಅವನ ತಾಯಿ. ಲಾಭಕ್ಕಾಗಿ ಅಲ್ಲ, ಜೊತೆಗೆ ತಿನ್ನಲು ಏನಾದರೂ ಇರಬೇಕು, ದುಃಖದಲ್ಲಿರುವವರಿಗೆ ಇದು ಚಿಕಿತ್ಸೆಯಲ್ಲ ಎಂಬ ಕೆಲವು ಸರಳ ನಿಯಮ ಬರೆದು ಯಾರು ಬೇಕಾದರೂ ನಡೆಸಿ ಎಂದು ಬಿಟ್ಟುಕೊಟ್ಟ. ಅದು ಊರೂರಿಗೆ ಹಬ್ಬಿತು. 2017ರಲ್ಲಿ, ತನಗೇ ಗೊತ್ತಿಲ್ಲದಿದ್ದ ರಕ್ತದ ಕ್ಯಾನ್ಸರಿನಿಂದ ಅಂಡರ್‌ವುಡ್ ಹಠಾತ್ತನೆ ಹೋಗಿಬಿಟ್ಟ. ವಯಸ್ಸು 44. ಈಗ ನನಗೆ 46. ಜಗತ್ತಿಗೆಲ್ಲ ಸಾವಿನ ಬಗ್ಗೆ ಮಾತಾಡಲು ಹೇಳಿಕೊಟ್ಟವನಿಗೆ ತನ್ನ ಸಾವಿನ ಬಗ್ಗೆ ಮಾತಾಡಲು ಸಮಯ ಸಿಗಲಿಲ್ಲ.

ಕೊತ್ರೂಡಿನಲ್ಲಿ ನನ್ನ ಸರದಿ ಬಂದಾಗ ನಾನು ಅಪ್ಪನ ಬಗ್ಗೆ ಐದು ನಿಮಿಷ ಮಾತಾಡಿದೆ, ಇಂಗ್ಲಿಷಿನಲ್ಲಿ. ಚೆನ್ನಾಗಿಯೇ ಮಾತಾಡಿದೆ. ಯಾವಾಗ ಕಾಯಿಲೆ ಗೊತ್ತಾಯಿತು, ಯಾವ ಹಂತ, ಏನೇನು ಚಿಕಿತ್ಸೆ, ನಾವು ಹೇಗೆ ನಿಭಾಯಿಸಿದೆವು. ಎಲ್ಲರೂ ತಲೆಯಾಡಿಸಿದರು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನನ್ನ ಕೈ ಮುಟ್ಟಿದರು. ವಾಪಸು ಬರುವಾಗ ಚಾಂದನಿ ಚೌಕದ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಹೊಳೆಯಿತು: ನಾನು ಕೊಟ್ಟದ್ದು ಸ್ಟೇಟಸ್ ರಿಪೋರ್ಟು. ಹೇಳಬೇಕಾಗಿದ್ದ ಒಂದೇ ಒಂದು ಸಂಗತಿಯನ್ನು ಬಿಟ್ಟಿದ್ದೆ. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಬರುವುದೂ ಇಲ್ಲ.

ನಮ್ಮದು ತಿಪಟೂರು. ಅಪ್ಪ ಕೊಬ್ಬರಿ ಮಂಡಿಯೊಂದರಲ್ಲಿ ಮೂವತ್ತೆಂಟು ವರ್ಷ ಲೆಕ್ಕ ಬರೆದವರು. ಸ್ವಂತದ್ದು ಒಂದಿಷ್ಟು ತೆಂಗಿನ ಮರಗಳೂ ಇದ್ದವು. 2016ರ ಏಪ್ರಿಲ್‌ನಲ್ಲಿ ಹೊಟ್ಟೆನೋವು, ಕಾಮಾಲೆ ಎಂದು ಬೆಂಗಳೂರಿಗೆ ಕರೆದೊಯ್ದೆವು. ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್. ಡಾಕ್ಟರು ನನ್ನನ್ನೂ ಭಾವನನ್ನೂ ಹೊರಗೆ ಕರೆದು, ಆರು ತಿಂಗಳು ಎಂದಿಟ್ಟುಕೊಳ್ಳಿ, ಅವರಿಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು ಎಂದರು. ಆ ಕಾರಿಡಾರಿನಲ್ಲಿ, ಲಿಫ್ಟಿನ ಪಕ್ಕ, ಹತ್ತು ನಿಮಿಷವೂ ಹಿಡಿಯಲಿಲ್ಲ ನಮಗೆ. ಹೇಳುವುದು ಬೇಡ ಎಂದಾಯಿತು. ಅಪ್ಪನ ಕಾಯಿಲೆಯ ಬಗ್ಗೆ ಅಪ್ಪನನ್ನು ಬಿಟ್ಟು ಉಳಿದವರೆಲ್ಲರೂ ಸೇರಿ ಮಾಡಿದ ಮೊದಲ ಮೀಟಿಂಗು ಅದು. ಕರುಳಿನಲ್ಲಿ ಹುಣ್ಣಾಗಿದೆ, ಔಷಧಿಗೆ ಹೋಗುತ್ತೆ ಎಂದು ಅವರಿಗೆ ಹೇಳಿದೆವು. ಹಣದ ಲೆಕ್ಕದಲ್ಲಿ ಒಂದು ರೂಪಾಯಿ ಏರುಪೇರಾದರೂ ಹಿಡಿಯುತ್ತಿದ್ದ ಮನುಷ್ಯ ಅದನ್ನು ನಂಬಿದರು ಎಂದು ನಾವು ನಂಬಿದೆವು.

ನಮ್ಮ ಕಡೆಯವರಲ್ಲದ ಓದುಗರಿಗೆ ಒಂದು ಮಾತು. ತಿಪಟೂರಿನ ಉಂಡೆ ಕೊಬ್ಬರಿ ಮಾಡುವುದಲ್ಲ, ಆಗುವುದು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟುಬಿಡುತ್ತಾರೆ. ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನಬೇಕು, ಆಗ ಒಡೆಯುವುದು. ಅವಸರ ನಡೆಯುವುದಿಲ್ಲ.

ಆ ಜುಲೈನಲ್ಲಿ ಊರಿಗೆ ಹೋದಾಗ ಆಳುಗಳು ಅಟ್ಟಕ್ಕೆ ಕಾಯಿ ಹಾಕುತ್ತಿದ್ದರು. ಅಪ್ಪ ಪಡಸಾಲೆಯಲ್ಲಿ ಆರಾಮಕುರ್ಚಿಯ ಮೇಲೆ ಕೂತು ಎಣಿಸುತ್ತಿದ್ದರು. ಅರ್ಧದಷ್ಟಾಗಿದ್ದರು. ನಾನು ಪಕ್ಕದಲ್ಲಿ ಲ್ಯಾಪ್‌ಟಾಪು ತೆರೆದು ಕೂತಿದ್ದೆ. ಎಣಿಕೆ ನಿಲ್ಲಿಸಿ, ನನ್ನ ಕಡೆ ತಿರುಗದೆಯೇ ಕೇಳಿದರು: “ಈ ಕಾಯಿ ಕೊಬ್ಬರಿ ಆಗೋ ಹೊತ್ಗೆ ನಾನು ಇರಲ್ಲ, ಅಲ್ವೇನೋ?”

ನಾನು “ಬಿಡ್ತು ಅನ್ನಿ ಅಪ್ಪಾ, ಏನೇನೋ ಮಾತಾಡ್ಬೇಡಿ” ಅಂದೆ.

ಅವರು ಆಗ ನನ್ನ ಮುಖ ನೋಡಿದರು. ನೋಡಿ, “ಬಿಡ್ತು” ಅಂದರು. ಜಗಲಿಯ ಮೇಲೆ ನಾನು ಅಂದಿದ್ದ ಹಾಗೆಯೇ. ಆಮೇಲೆ ಎಲ್ಲಿಗೆ ಬಂದಿತ್ತು ಎಣಿಕೆ ಎಂದು ಆಳನ್ನು ಕೇಳಿದರು. ಅಕ್ಟೋಬರಿನಲ್ಲಿ, ಆಯುಧಪೂಜೆ ಕಳೆದ ಮರುವಾರ, ತೀರಿಕೊಂಡರು. ನಡುವೆ ನಾನು ಐದು ಸಲ ಊರಿಗೆ ಹೋಗಿ ಬಂದೆ. ಇನ್ನೊಂದು ಸಲ ಆ ಮಾತನ್ನು ಅವರು ಎತ್ತಲಿಲ್ಲ.

ಬಹಳ ಕಾಲ ನಾನು ನನ್ನ ತಪ್ಪೆಂದು ಭಾವಿಸಿದ್ದು ಸುಳ್ಳು ಹೇಳಿದ್ದನ್ನು. ಈಗ ಅಷ್ಟು ಖಾತ್ರಿಯಿಲ್ಲ. ಸಾಯುತ್ತಿರುವವರ ಸುತ್ತ ಹೆಣೆಯುವ ಸುಳ್ಳಿನ ಬಗ್ಗೆ ಟಾಲ್‌ಸ್ಟಾಯ್ 1886ರಲ್ಲೇ ‘ಇವಾನ್ ಇಲಿಚ್‌ನ ಸಾವು’ ಬರೆದ. ಅಲ್ಲಿ ಇವಾನನಿಗೆ ನೋವಿನಷ್ಟೇ ಹಿಂಸೆಯಾಗುವುದು ಎಲ್ಲರೂ ಸೇರಿ ಆಡುವ ಆ ನಾಟಕ. 1965ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಎಂಬ ಇಬ್ಬರು ಅಮೆರಿಕನ್ ಸಮಾಜಶಾಸ್ತ್ರಜ್ಞರು ಆಸ್ಪತ್ರೆಗಳಲ್ಲಿ ಕೂತು ನೋಡಿ, ಸಾವಿನ ಅರಿವು ಯಾರಿಗೆಷ್ಟು ಎಂಬುದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಅದರಲ್ಲಿ ಒಂದು, ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು, ಇಬ್ಬರೂ ಗೊತ್ತಿಲ್ಲದಂತೆ ನಟಿಸುವುದು. ಅದನ್ನು ಓದಿದಾಗ ನಮ್ಮ ಪಡಸಾಲೆಯನ್ನೇ ನೋಡಿ ಬರೆದಿದ್ದಾರೆ ಅನ್ನಿಸಿತು.

ಅಮ್ಮನ ಹತ್ತಿರ ಹೇಳಿಕೊಂಡಾಗ ಅವಳು ಬೇರೆಯೇ ಲೆಕ್ಕ ಕೊಟ್ಟಳು. “ಅವ್ರಿಗೆ ಬೆಂಗ್ಳೂರಲ್ಲೇ ಗೊತ್ತಾಗಿತ್ತು ಕಣೋ. ಮಕ್ಳು ಕಷ್ಟಪಟ್ಟು ಮುಚ್ಚಿಡ್ತಿದಾವೆ, ಇರ್ಲಿ ಅಂತ ಸುಮ್ನಿದ್ರು.” ಹಾಗಾದರೆ ಮೋಸ ಹೋದವರು ಯಾರು? ನಾವು ಅವರಿಗಾಗಿ ನಟಿಸಿದೆವು, ಅವರು ನಮಗಾಗಿ ನಟಿಸಿದರು. ಇದನ್ನು ಸುಳ್ಳು ಎಂದು ಒಂದೇ ಏಟಿಗೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮನೆಯೊಳಗೆ ಒಬ್ಬರಿಗೊಬ್ಬರು ಉಳಿಸಿಕೊಡುವ ಮರ್ಯಾದೆಯೂ ಅದರಲ್ಲಿದೆ. ಎಲ್ಲವನ್ನೂ ಬಾಯಿಬಿಟ್ಟು ಹೇಳುವುದೇ ಪ್ರಾಮಾಣಿಕತೆ ಎಂಬುದು ಬಹುಶಃ ನಾವು ಆಫೀಸಿನಿಂದ ಕಲಿತು ಮನೆಗೆ ತಂದ ಪಾಠ.

ಆದರೆ ಆ ನಾಟಕಕ್ಕೆ ಇಬ್ಬರ ಒಪ್ಪಿಗೆ ಬೇಕು. ಜುಲೈನ ಆ ಮಧ್ಯಾಹ್ನ ಅಪ್ಪ ತಮ್ಮ ಒಪ್ಪಿಗೆಯನ್ನು ವಾಪಸು ತೆಗೆದುಕೊಂಡಿದ್ದರು. ಬಾಗಿಲು ತಟ್ಟಿದ್ದರು. ನನಗೆ ಹೇಳುವ ಕರ್ತವ್ಯ ಇತ್ತೋ ಇಲ್ಲವೋ, ಕೇಳಿದವರ ಬಾಯಿ ಮುಚ್ಚಿಸುವ ಹಕ್ಕಂತೂ ಇರಲಿಲ್ಲ. ಬಿಡ್ತು ಅನ್ನಿ ಎಂದಾಗ ನಾನು ಕಾಪಾಡಿದ್ದು ಅವರನ್ನಲ್ಲ, ನನ್ನನ್ನು.

ಇದಕ್ಕೆ ಒಂದು ಗಟ್ಟಿ ಆಕ್ಷೇಪಣೆ ಇದೆ, ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅಪ್ಪ ಕೇಳಿದ್ದು ‘ಹೌದು’ ಎಂಬ ಉತ್ತರಕ್ಕೋ, ‘ಇಲ್ಲ, ನೀವಿರ್ತೀರಿ’ ಎಂಬ ಸಮಾಧಾನಕ್ಕೋ? ಹೆದರಿದವರು ಕೇಳುವ ಪ್ರಶ್ನೆಗಳಲ್ಲಿ ಎಷ್ಟೋ ಪ್ರಶ್ನೆಗಳೇ ಅಲ್ಲ. ಸತ್ಯ ಹೇಳಿಬಿಟ್ಟಿದ್ದರೆ ಉಳಿದ ಮೂರು ತಿಂಗಳು ಕತ್ತಲಾಗುತ್ತಿತ್ತೇನೋ. ಇರಬಹುದು. ಆದರೆ ನನ್ನ ಮುಂದೆ ಇದ್ದದ್ದು ಸತ್ಯ, ಸುಳ್ಳು ಎಂಬ ಎರಡೇ ದಾರಿಯಲ್ಲ. “ಯಾಕಪ್ಪಾ ಹಂಗನ್ನಿಸ್ತು?” ಎಂದು ಕೇಳಬಹುದಿತ್ತು. ಎರಡೇ ಪದ. ಅಲ್ಲಿಂದ ಮಾತು ಎಲ್ಲಿಗೆ ಹೋಗಬೇಕೆಂದು ಅವರೇ ತೀರ್ಮಾನಿಸುತ್ತಿದ್ದರು.

ಡೆತ್ ಕೆಫೆಯ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಒಂದು ಮಾತು ಹೇಳುತ್ತಾರೆ. ಹಿಂದೆ ಹಳ್ಳಿಗಳಲ್ಲಿ ಸಾವು ಎಲ್ಲರ ಕಣ್ಣೆದುರಿಗೇ ಇತ್ತು, ಜನ ಮುಕ್ತವಾಗಿದ್ದರು, ನಗರ ಬಂದು ಬಚ್ಚಿಟ್ಟಿತು ಎಂದು. ಅರ್ಧ ನಿಜ. ಸತ್ತ ಮೇಲಿನ ಮಾತು ನಮ್ಮಲ್ಲಿ ಬೇಕಾದಷ್ಟಿದೆ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಅಕ್ಕಪಕ್ಕದವರು ಅನ್ನ ತರುತ್ತಾರೆ. “ಹೋಗಿ ಮಾತಾಡಿಸ್ಕೊಂಡು ಬರೋಣ” ಎಂದು ವಾರಗಟ್ಟಲೆ ಜನ ಬರುತ್ತಾರೆ. ಎಂಥ ಕ್ರಿಯಾಪದ ನೋಡಿ. ಮಾತಾಡುವುದಲ್ಲ, ಮಾತಾಡಿಸುವುದು, ಎದುರಿನವರು ಮಾತಾಡುವಂತೆ ಮಾಡುವುದು. ಡೆತ್ ಕೆಫೆಯ ನಿಯಮಾವಳಿಯನ್ನೆಲ್ಲ ಆ ಒಂದು ಪದದಲ್ಲಿ ಹೇಳಿಬಿಡಬಹುದು. ಆದರೆ ಇದೆಲ್ಲ ಉಳಿದವರಿಗೆ. ಸಾಯುತ್ತಿರುವವರನ್ನು ಹಾಗೆ ಮಾತಾಡಿಸುವ ಪದ್ಧತಿ ನಮ್ಮಲ್ಲಿ ನಾನು ಕಂಡಿಲ್ಲ. ಅವರೆದುರು ಹವಾಮಾನ, ಮಗಳ ಮದುವೆ, ಬೇಗ ಹುಷಾರಾಗ್ತೀರಿ. ಗರುಡ ಪುರಾಣವನ್ನೂ ನಾವು ತೆಗೆಯುವುದು ಆ ಹದಿಮೂರು ದಿನದಲ್ಲೇ. ಬೇರೆ ದಿನ ಆ ಪುಸ್ತಕ ಮನೆಯಲ್ಲಿರಬಾರದು ಎನ್ನುವವರೂ ಇದ್ದಾರೆ. ಕಠೋಪನಿಷತ್ತಿನ ನಚಿಕೇತನನ್ನೇ ನೋಡಿ. ಮೂರು ರಾತ್ರಿ ಬಾಗಿಲಲ್ಲಿ ಕಾದ ಹುಡುಗ ಸತ್ತ ಮೇಲೇನು ಎಂದು ಕೇಳಿದರೆ ಯಮ ಮೊದಲು ಉತ್ತರಿಸುವುದಿಲ್ಲ. ಆನೆ ಕೇಳು, ಚಿನ್ನ ಕೇಳು, ದೀರ್ಘಾಯುಷ್ಯ ಕೇಳು, ಇದೊಂದು ಬೇಡ ಎನ್ನುತ್ತಾನೆ. ಯಮನೂ ಬಿಡ್ತು ಅನ್ನು ಎಂದವನೇ. ಹುಡುಗ ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ.

ಕೊತ್ರೂಡಿನಿಂದ ಬಂದ ಮೇಲೆ, ಕನ್ನಡದಲ್ಲೇ ಒಂದು ಕೂಟ ಮಾಡೋಣ ಎಂದು ವಾಕಡದ ನಾವು ಐದಾರು ಮನೆಯವರು ಸೇರಿದೆವು. ಮೊದಲ ತೊಡಕು ಹೆಸರು. ‘ಸಾವಿನ ಕೂಟ’ ಎಂದರೆ ಕ್ಲಬ್‌ಹೌಸ್ ಯಾರು ಕೊಡುತ್ತಾರೆ? ‘ಕನ್ನಡ ಓದುಗರ ಬಳಗ’ ಎಂದು ಬುಕ್ ಮಾಡಿದೆವು. (ಸುಳ್ಳು ಹೇಳದೆ ಸಾವಿನ ಬಗ್ಗೆ ಮಾತಾಡುವುದು ಎಷ್ಟು ಕಷ್ಟ ನೋಡಿ.) ಎರಡನೇ ತೊಡಕು ತಿಂಡಿ. ಗೆಳೆಯನೊಬ್ಬ ಕೇಕಿನ ಬದಲು ಒಗ್ಗರಣೆ ಪುರಿ ಮಾಡಿಸಿಕೊಂಡು ಬಂದಿದ್ದ. ಅವನ ಅತ್ತೆ, ಹಾಸನದ ಕಡೆಯವರು, ಎಪ್ಪತ್ತು ದಾಟಿದವರು, ಡಬ್ಬಿ ತೆರೆದು ನೋಡಿ “ಇದು ತಿನ್ನೋಕೋ, ದಾರಿಯುದ್ದಕ್ಕೂ ಎರಚೋಕೋ?” ಎಂದು ಕೇಳಿದರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಕೊತ್ರೂಡಿನಲ್ಲಿ ಎರಡು ಗಂಟೆಯಲ್ಲಿ ಆಗದ್ದು ಇಲ್ಲಿ ಎರಡು ನಿಮಿಷದಲ್ಲಿ ಆಯಿತು.

ಆ ಅಜ್ಜಿಯೇ ಆಮೇಲೆ ಕೇಳಿದರು, “ಇಲ್ಲಿ ಹೋದ್ರೆ ನನ್ನನ್ನ ಎಲ್ಲಿ ಸುಡ್ತೀರಪ್ಪಾ?” ಪುಣೆಯ ದೊಡ್ಡ ಸ್ಮಶಾನದ ಹೆಸರು ವೈಕುಂಠ ಎಂದೆವು. “ಹೆಸರೇನೋ ಚೆನ್ನಾಗಿದೆ, ಆದ್ರೆ ಅಲ್ಲಿ ನಂಗೆ ಗೊತ್ತಿರೋರು ಯಾರೂ ಇಲ್ಲ” ಎಂದರು. ಅಳಿಯ ತಲೆ ತಗ್ಗಿಸಿದ. ರಾತ್ರಿಯಿಡೀ ಆ್ಯಂಬುಲೆನ್ಸಿನಲ್ಲಿ ಊರಿಗೆ ಒಯ್ಯುವುದೋ, ಇಲ್ಲೇ ಮುಗಿಸುವುದೋ ಎಂಬ ಪ್ರಶ್ನೆ ವಲಸೆ ಬಂದ ಪ್ರತಿಯೊಂದು ಮನೆಯಲ್ಲೂ ಇದೆ. ಯಾರೂ ಕೇಳಿಕೊಂಡಿಲ್ಲ. ನಮ್ಮ ವೃತ್ತಿಯಲ್ಲಿ ‘ಬಸ್ ಫ್ಯಾಕ್ಟರ್’ ಎಂಬ ಮಾತಿದೆ: ಎಷ್ಟು ಜನ ನಾಳೆ ಬಸ್ಸಿನಡಿ ಸಿಕ್ಕಿದರೆ ಪ್ರಾಜೆಕ್ಟು ನಿಂತುಹೋಗುತ್ತದೆ ಎಂಬ ಲೆಕ್ಕ. ಪ್ರತಿ ಪ್ರಾಜೆಕ್ಟಿಗೂ ಆ ಹಾಳೆಯನ್ನು ತುಂಬಿಸುವವನು ನಾನೇ. ನನ್ನ ಇನ್ಶೂರೆನ್ಸ್ ಕಾಗದ ಎಲ್ಲಿದೆ ಎಂದು ನನ್ನ ಹೆಂಡತಿಗೆ ಗೊತ್ತಾದದ್ದು ಆ ಕೂಟದ ಮಾರನೇ ದಿನ.

ಇನ್ನೊಂದು ಸಲ ಮಾತು ಅರುಣಾ ಶಾನಭಾಗರ ಕಡೆ ಹೊರಳಿತು. ಅವರೂ ನಮ್ಮಂತೆಯೇ ಹೊಟ್ಟೆಪಾಡಿಗೆ ಮಹಾರಾಷ್ಟ್ರಕ್ಕೆ ಬಂದವರು, ಹೊನ್ನಾವರದ ಹಳದೀಪುರದಿಂದ. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗ 1973ರ ನವೆಂಬರಿನಲ್ಲಿ ಅವರ ಮೇಲೆ ನಡೆದ ಹಲ್ಲೆ, ಆಮೇಲೆ 2015ರ ಮೇ ತಿಂಗಳವರೆಗೆ ಅದೇ ಆಸ್ಪತ್ರೆಯ ಹಾಸಿಗೆ. ಅವರನ್ನು ಹೋಗಲು ಬಿಡಿ ಎಂದು ಪತ್ರಕರ್ತೆ ಪಿಂಕಿ ವಿರಾನಿ ಕೋರ್ಟಿಗೆ ಹೋದರು. ಆದರೆ ಅವರ ಪರವಾಗಿ ಮಾತಾಡುವ ಹಕ್ಕು ಅಷ್ಟು ವರ್ಷ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಗೆ ಸೇರಿದ್ದು ಎಂದು 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ನರ್ಸುಗಳು ಬಿಟ್ಟುಕೊಡಲು ಒಪ್ಪಲಿಲ್ಲ. ಯಾರದು ಸರಿ? ನಮ್ಮ ಕೂಟದಲ್ಲಿ ಜಗಳವೇ ಆಯಿತು. ನನಗೆ ಕಾಡುವುದು ಬೇರೆ: ನಲವತ್ತು ವರ್ಷ ಎಲ್ಲರೂ ಅವರಿಗಾಗಿ ಮಾತಾಡಿದರು, ಅವರಿಗೇನು ಬೇಕು ಎಂದು ಮೊದಲೇ ಕೇಳಿಟ್ಟುಕೊಂಡವರು ಯಾರೂ ಇರಲಿಲ್ಲ. ಇಪ್ಪತ್ತೈದರ ಆಸುಪಾಸಿನವರನ್ನು ಯಾರು ಕೇಳುತ್ತಾರೆ? ಈಗ ಕೇಳಿಟ್ಟುಕೊಳ್ಳಲು ದಾರಿಯಿದೆ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟಿತು. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರಲ್ಲಿ ಅದನ್ನು ಸಡಿಲಿಸಿ, ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು ಎಂದಿತು. ನಮ್ಮಲ್ಲಿ ಮೂವರು ಮಾಡಿಸಿದ್ದೇವೆ. ಫಾರ್ಮು ತುಂಬುವುದು ಸುಲಭ. ಅದನ್ನು ಮಗಳಿಗೆ ಓದಿ ಹೇಳುವುದು ಸುಲಭವಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ನಮ್ಮ ಕೂಟದ ಜಾಹೀರಾತಾಗುತ್ತಿತ್ತು. ಕಳೆದ ವರ್ಷ ನಮ್ಮಲ್ಲೇ ಒಬ್ಬರಿಗೆ ಕಾಯಿಲೆ ಬಂತು, ವಾಸಿಯಾಗುವಂಥದ್ದಲ್ಲ. ಕೂಟದಲ್ಲಿ ಅತ್ಯಂತ ಚೆನ್ನಾಗಿ, ಅತ್ಯಂತ ಧೈರ್ಯವಾಗಿ ಮಾತಾಡುತ್ತಿದ್ದವರು. ಅವರು ಬರುವುದನ್ನು ನಿಲ್ಲಿಸಿದರು. ಸಾವಿನ ಬಗ್ಗೆ ಅಷ್ಟೆಲ್ಲ ಮುಕ್ತವಾಗಿ ಮಾತಾಡಿದ ನಾವು ವಾಟ್ಸ್ಆ್ಯಪ್ ಗುಂಪಿನಲ್ಲಿ ಏನು ಹಾಕಿದೆವು ಗೊತ್ತೇ? ಗೆಟ್ ವೆಲ್ ಸೂನ್. ಕೆಳಗೆ ಹೂವಿನ ಚಿತ್ರ. ಅಂದರೆ ನಮ್ಮ ಆ ಮಾತುಗಳೆಲ್ಲ ದಡದಲ್ಲಿ ನಿಂತು ಈಜು ಹೇಳಿಕೊಟ್ಟಂತೆ ಇದ್ದವೇನೋ. ಒಂದು ಶನಿವಾರ ಅವರ ಮನೆಗೆ ಹೋದೆ. ಒಂದು ಗಂಟೆ ಐಪಿಎಲ್ ಬಗ್ಗೆ ಮಾತಾಡಿದರು. ನಾನು ಕಾದೆ. “ಹೆಂಗನ್ನಿಸ್ತಿದೆ ಸಾರ್?” ಎಂದು ಒಂದೇ ಒಂದು ಸಲ ಕೇಳಿದೆ. “ಈ ಸಲ ಬೌಲಿಂಗ್ ಪರವಾಗಿಲ್ಲ” ಎಂದರು. ನಾನು ಮತ್ತೆ ಕೇಳಲಿಲ್ಲ. ಮಾತಾಡಿಸುವುದು ಎಂದರೆ ಬಾಯಿ ಬಿಡಿಸುವುದಲ್ಲ. ಅವರ ಬಾಗಿಲು ಅವರದು. ಆಮೇಲೂ ನಾಲ್ಕು ಶನಿವಾರ ಹೋದೆ, ನಾಲ್ಕೂ ಸಲ ಕ್ರಿಕೆಟ್. ಅವರ ಹೆಂಡತಿ ಮಾತ್ರ ಲಿಫ್ಟಿನವರೆಗೆ ಬಂದು, “ಬರ್ತಾ ಇರಿ, ನೀವು ಬರೋ ದಿನ ಶೇವ್ ಮಾಡ್ಕೋತಾರೆ” ಎಂದರು.

ಅವರು ಹೋಗಿ ಈಗ ಐದು ತಿಂಗಳು. ನಾನು ಮಾಡಿದ್ದು ಸರಿಯೋ, ಅಪ್ಪನ ವಿಷಯದಲ್ಲಿ ಮಾಡಿದ ತಪ್ಪನ್ನೇ ಸೌಜನ್ಯದ ಹೆಸರಿನಲ್ಲಿ ಮತ್ತೆ ಮಾಡಿದೆನೋ, ಗೊತ್ತಾಗಿಲ್ಲ.

ಅಮ್ಮ ತಿಪಟೂರಿನಲ್ಲೇ ಇದ್ದಾಳೆ, ಒಬ್ಬಳೇ. ವಯಸ್ಸು 74. ಹೋದ ತಿಂಗಳು ಫೋನಿನಲ್ಲಿ ಕಾಯಿ ಕೀಳಿಸಿದ್ದು, ಆಳಿನ ಕೂಲಿ ಎಲ್ಲ ಹೇಳುತ್ತ, “ಅಟ್ಟಕ್ಕೆ ಹಾಕ್ಸಿದೀನಪ್ಪ, ಇದು ಕೊಬ್ಬರಿ ಆಗೋ ಹೊತ್ಗೆ ನಾನಿರ್ತೀನೋ ಇಲ್ವೋ” ಅಂದಳು. ಮುದುಕಿಯರು ಆಡುವ ಮಾಮೂಲಿ ಮಾತು. ಬಿಡ್ತು ಅನ್ನಮ್ಮ ಎಂಬುದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಇಲ್ದಿದ್ರೆ ಏನ್ಮಾಡ್ಲಮ್ಮ?” ಎಂದೆ.

ಆ ಕಡೆ ಒಂದಷ್ಟು ಹೊತ್ತು ಸದ್ದಿಲ್ಲ. ಲೈನು ಕಟ್ಟಾಯಿತೇನೋ ಎಂದುಕೊಂಡೆ. ಆಮೇಲೆ, “ಅಪ್ಪ ಕೊಡ್ತಿದ್ದ ಮಂಡಿಗೇ ಕೊಡು, ತೂಕದಲ್ಲಿ ಮೋಸ ಮಾಡಲ್ಲ” ಎಂದಳು. “ನನ್ನ ಸರ ಎರಡೆಳೆದು ನಿಮ್ಮಕ್ಕಂಗೆ, ನಿನ್ ಹೆಂಡ್ತಿಗೆ ಬೇರೆ ಇಟ್ಟಿದೀನಿ. ಆಸ್ಪತ್ರೆಗೆ ಹಾಕಿದ್ರೆ ಆ ಬಾಯಲ್ಲಿ ಪೈಪ್ ಗೀಪ್ ಹಾಕ್ಸಬೇಡ, ನಿಮ್ಮಪ್ಪಂಗೆ ಹಾಕಿದ್ದು ನೋಡಿದೀನಿ. ನೀಲಿ ಟ್ರಂಕಿನ ಬೀಗದ ಕೈ...” ಎಂದು ಶುರು ಮಾಡಿ ಮಧ್ಯದಲ್ಲಿ ನಿಲ್ಲಿಸಿ, “ಪೆನ್ನಿದೆಯೇನೋ ನಿನ್ಹತ್ರ? ಬರ್ಕೊ” ಎಂದಳು.

ಮೇಜಿನ ಮೇಲೆ ಮಗಳ ಗಣಿತದ ಪುಸ್ತಕವಿತ್ತು. ಅದರ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳತೊಡಗಿದೆ.